ಮಾಲಕ, ಘರ್‌ವಾಲಿ, ಊರಿನ ಅವ್ವ: ಸಾಂಗ್ಲಿ–ಮಿರಜಿನ ಕನ್ನಡ ಹೆಣ್ಣುಮಕ್ಕಳ ನಂಟುಗಳು

ಸಾಂಗ್ಲಿಯ ಗೋಕುಲನಗರ, ಮಿರಜಿನ ಪ್ರೇಮನಗರ. ಮಹಾರಾಷ್ಟ್ರದ ಈ ಎರಡು ಓಣಿಗಳಲ್ಲಿ ಮರಾಠಿಯಷ್ಟೇ ಧಾರಾಳವಾಗಿ ಕನ್ನಡ ಕೇಳಿಸುತ್ತದೆ. ಅಥಣಿ, ರಾಯಬಾಗ, ಗೋಕಾಕ, ಜಮಖಂಡಿ, ಮುಧೋಳದ ಕಡೆಯಿಂದ ಬಂದು ಧಂದಾ, ಅಂದರೆ ಲೈಂಗಿಕ ವೃತ್ತಿ, ಮಾಡುವ ಹೆಣ್ಣುಮಕ್ಕಳ ಕನ್ನಡ ಅದು. ಇವರ ಬಗ್ಗೆ ಬರೆದದ್ದಕ್ಕೆ ಕೊರತೆಯಿಲ್ಲ. ದೇವದಾಸಿ ಪದ್ಧತಿಯ ಅಧ್ಯಯನಗಳಿವೆ, ಎಚ್‌ಐವಿ ಕುರಿತ ಸಮೀಕ್ಷೆಗಳಿವೆ, ಮಾನವ ಸಾಗಾಟದ ವರದಿಗಳಿವೆ, ನ್ಯಾಯಾಲಯದ ಆದೇಶಗಳಿವೆ. ಎಲ್ಲದರಲ್ಲೂ ಮೊದಲಿಗೆ ಎದುರಾಗುವ ಪ್ರಶ್ನೆ ಒಂದೇ: ನೀನು ಇಲ್ಲಿಗೆ ಹೇಗೆ ಬಂದೆ, ಯಾರಾದರೂ ತಂದರೋ, ನೀನಾಗಿ ಬಂದೆಯೋ? ಆ ಪ್ರಶ್ನೆಗೆ ಉತ್ತರ ಸಿಕ್ಕಮೇಲೆ ಪುಸ್ತಕ ಮುಚ್ಚುತ್ತದೆ. ಬಂದಮೇಲೆ ಹತ್ತಿಪ್ಪತ್ತು ವರ್ಷ ಅವಳು ಯಾರ ಜೊತೆ ಬಾಳುತ್ತಾಳೆ, ಯಾರನ್ನು ತನ್ನವರೆನ್ನುತ್ತಾಳೆ, ಯಾರಿಗೆ ಹಣ ಕಳಿಸುತ್ತಾಳೆ, ಕಾಯಿಲೆ ಬಿದ್ದರೆ ತಲೆದೆಸೆಯಲ್ಲಿ ಯಾರು ಕೂರುತ್ತಾರೆ ಎಂಬುದು ಅಡಿಟಿಪ್ಪಣಿಗೆ ಇಳಿಯುತ್ತದೆ. ನನಗನ್ನಿಸುವ ಮಟ್ಟಿಗೆ ಈ ಹೆಣ್ಣುಮಕ್ಕಳು ತಾವು ಯಾರೆಂದು ಹೇಳಿಕೊಳ್ಳುವುದು ಬಂದ ದಾರಿಯಿಂದ ಅಲ್ಲವೇ ಅಲ್ಲ, ಕಟ್ಟಿಕೊಂಡ ನಂಟುಗಳಿಂದ. ಹಾಗಾಗಿ ಇರುವ ಬರಹವನ್ನೇ ಆ ಕಡೆಯಿಂದ ಒಮ್ಮೆ ಓದಿ ನೋಡಬೇಕಾಗಿದೆ.

ಸಾಂಗ್ಲಿಯೇ ಏಕೆ? ಭೂಪಟ ನೋಡಿದರೆ ರಾಜ್ಯದ ಗಡಿ ದಾಟಿ ಹೋದಂತೆ ಕಾಣುತ್ತದೆ. ಗಡಿ ಬಂದದ್ದು 1956ರಲ್ಲಿ. ದಾರಿ ಅದಕ್ಕಿಂತ ಬಹಳ ಹಳೆಯದು. ಸಾಂಗ್ಲಿ, ಮಿರಜ, ಜಮಖಂಡಿ, ಕುರುಂದವಾಡ ಎಲ್ಲವೂ ಪಟವರ್ಧನ ಮನೆತನದ ಸಂಸ್ಥಾನಗಳು. ಇಂದಿನ ಕರ್ನಾಟಕದ ತೇರದಾಳ, ಶಿರಹಟ್ಟಿ, ಬೆಳಗಾವಿಗೆ ಹೊಂದಿದ ಶಹಾಪುರ ಸಾಂಗ್ಲಿ ಸಂಸ್ಥಾನದಲ್ಲಿದ್ದವು, ಲಕ್ಷ್ಮೇಶ್ವರ ಮಿರಜಿನದು. ತೇರದಾಳದ ರೈತನಿಗೆ ಸಾಂಗ್ಲಿ ತನ್ನ ದೊರೆಯ ಪೇಟೆ, ಅರಿಸಿನ ಮಾರುವ ಪೇಟೆ. ಮರಾಠಿ ರಂಗಭೂಮಿಗೆ 1843ರಲ್ಲಿ ನಾಂದಿ ಹಾಡಿದ ವಿಷ್ಣುದಾಸ ಭಾವೆಯವರ ಸಾಂಗ್ಲಿಗೆ ಅದಕ್ಕೆ ಮೊದಲೇ ಕರ್ನಾಟಕದ ಭಾಗವತರ ಮೇಳ ಬಂದು ಆಡಿಹೋಗಿತ್ತು. ಭಾವೆಯವರಿಗೆ ಹುರುಪು ಹುಟ್ಟಿಸಿದ್ದು ಅದೇ ಆಟ. ಆಮೇಲೆ ಮಿರಜ ದೊಡ್ಡ ರೈಲ್ವೆ ಜಂಕ್ಷನ್ ಆಯಿತು. ಅಮೆರಿಕನ್ ಮಿಷನ್ನಿನ ವೈದ್ಯ ವಿಲಿಯಂ ವಾನ್‌ಲೆಸ್ 1890ರ ದಶಕದಲ್ಲಿ ಕಟ್ಟಿದ ಆಸ್ಪತ್ರೆಯಿಂದ ಅದು ಇಡೀ ಉತ್ತರ ಕರ್ನಾಟಕದವರು ರೋಗಿಗಳನ್ನು ಹೊತ್ತು ತರುವ ಊರೂ ಆಯಿತು. ದನ ಮಾರಲು, ಅರಿಸಿನ ತೂಗಲು, ಕಣ್ಣಿನ ಪೊರೆ ತೆಗೆಸಲು ಜನ ಹೋಗುವ ದಾರಿಯಲ್ಲೇ ಈ ಹೆಣ್ಣುಮಕ್ಕಳೂ ಹೋದರು. ಇಂದಿಗೂ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಹಳ್ಳಿಹಳ್ಳಿಗಳು ಕನ್ನಡ ಮಾತಾಡುತ್ತವೆ. ನೀರಿಗಾಗಿ ಕರ್ನಾಟಕ ಸೇರುತ್ತೇವೆಂದು ಅಲ್ಲಿಯ ಗ್ರಾಮಗಳು ನಿರ್ಣಯ ಮಾಡಿದ ಸಂಗತಿ 2022ರ ಕೊನೆಗೆ ಮತ್ತೆ ಸುದ್ದಿಯಾಗಿತ್ತು. ಊರು ಬಿಟ್ಟವಳಿಗೆ ಸಾಂಗ್ಲಿ ಪರದೇಶವಲ್ಲ. ಗುರುತು ಹಿಡಿಯುವವರ ಕಣ್ಣಿಗೆ ಬೀಳದಷ್ಟು ದೂರ, ಅವ್ವ ಸತ್ತ ಸುದ್ದಿ ಬಂದರೆ ಅದೇ ದಿನ ಹೋಗಿ ಮಣ್ಣು ಹಾಕುವಷ್ಟು ಹತ್ತಿರ.

ಈ ದೂರ–ಹತ್ತಿರದ ಲೆಕ್ಕ ಇಲ್ಲದವರ ಕತೆಯನ್ನು ಪಕ್ಕಕ್ಕಿಟ್ಟು ನೋಡಬಹುದು. ಇಥಿಯೋಪಿಯಾದ ಅತಿ ದೊಡ್ಡ ಜನಾಂಗ ಒರೊಮೊ. ಅಲ್ಲಿಯ ಆಳ್ವಿಕೆಯ ಕಿರುಕುಳಕ್ಕೆ ಹೆದರಿ ನೈರೋಬಿ, ಕೈರೋಗಳಿಗೆ ಓಡಿದವರಲ್ಲಿ, ಮುಂದೆ ಅಮೆರಿಕದ ಮಿನೆಸೋಟಕ್ಕೋ ಆಸ್ಟ್ರೇಲಿಯದ ಮೆಲ್ಬರ್ನಿಗೋ ಹೋಗಿ ನೆಲೆಸಿದವರಲ್ಲಿ ಎಳೆಯ ಹೆಣ್ಣುಮಕ್ಕಳು ಬಹಳ. ಮೆಲ್ಬರ್ನಿನ ಒರೊಮೊ ಸಮುದಾಯವನ್ನು ಕುರಿತು ಗ್ರೆಗ್ ಗೋ ಬರೆದ ಪುಸ್ತಕ 2002ರಲ್ಲಿ ಬಂತು. ಬಿಟ್ಟುಬಂದ ನಾಡನ್ನು ಹಾಡು, ಹಬ್ಬ, ಸಂಘಗಳಲ್ಲಿ ಮತ್ತೆ ಕಟ್ಟುವ ಜನ ಅವರು. ಅಂಥ ಕಡೆ ಹುಡುಗಿ ಯಾರನ್ನು ಮದುವೆಯಾಗುತ್ತಾಳೆ ಎಂಬುದು ಅವಳೊಬ್ಬಳ ಮಾತಾಗಿ ಉಳಿಯುವುದಿಲ್ಲ, ಇಡೀ ಜನಾಂಗ ಉಳಿಯುತ್ತದೋ ಇಲ್ಲವೋ ಎಂಬ ಮಾತಾಗುತ್ತದೆ. ಗೋಕುಲನಗರದವಳ ಸ್ಥಿತಿ ಇದರ ತಿರುವು ಮುರುವು. ಅವಳು ಯಾರನ್ನು ಕಟ್ಟಿಕೊಂಡರೂ ಊರು ಕೇಳುವುದಿಲ್ಲ, ಹಣ ಬರುವುದು ನಿಂತರೆ ಮಾತ್ರ ಕೇಳುತ್ತದೆ. ನಿರಾಶ್ರಿತೆಗೆ ತನ್ನದೇ ಒಂದು ಕಾಗದವಾದರೂ ಸಿಗುತ್ತದೆ. ಸ್ವಂತ ದೇಶದೊಳಗೇ ಒಂದು ಜಿಲ್ಲೆ ದಾಟಿದ ಇವಳಿಗೆ ಪಡಿತರ ಚೀಟಿ ಒಂದು ರಾಜ್ಯದ್ದು, ಬಾಡಿಗೆ ಕೋಣೆ ಇನ್ನೊಂದರದ್ದು.

ಇನ್ನು ಈ ಹೆಣ್ಣುಮಕ್ಕಳ ಹಿನ್ನೆಲೆಯ ವಿಷಯ. ಸಾಂಗ್ಲಿ–ಮಿರಜಿನ ಕನ್ನಡ ಹೆಣ್ಣುಮಕ್ಕಳೆಲ್ಲ ದೇವದಾಸಿಯರಲ್ಲ. ಗಂಡ ಬಿಟ್ಟವರಿದ್ದಾರೆ, ಗಂಡನನ್ನು ಬಿಟ್ಟವರಿದ್ದಾರೆ, ಬರಗಾಲದಲ್ಲಿ ಕೂಲಿಗೆ ಬಂದು ಉಳಿದವರಿದ್ದಾರೆ. ಆದರೂ ದೇವದಾಸಿ ನಂಟು ಗಟ್ಟಿ. ಜೇಮ್ಸ್ ಬ್ಲಾಂಚರ್ಡ್ ಮತ್ತು ಜೊತೆಯವರು ಕರ್ನಾಟಕದ 1,588 ಲೈಂಗಿಕ ವೃತ್ತಿಯ ಮಹಿಳೆಯರನ್ನು ಮಾತಾಡಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 26ರಷ್ಟು ಮಂದಿ ದೇವದಾಸಿ ಪದ್ಧತಿಯ ಮೂಲಕ ಬಂದವರು. ಅವರಲ್ಲಿ ಹೆಚ್ಚಿನವರು ಉತ್ತರದ ಜಿಲ್ಲೆಗಳವರು. ಕರ್ನಾಟಕ ಸರ್ಕಾರ 1993–94ರಲ್ಲಿ 22,873 ದೇವದಾಸಿಯರನ್ನು ಎಣಿಸಿತು. 2007–08ರ ಎರಡನೆಯ ಎಣಿಕೆ ಸೇರಿ ಪಟ್ಟಿ 46,660ಕ್ಕೆ ಏರಿತು. ಎಣಿಸುವವರು ಹಳ್ಳಿಗೆ ಬಂದಾಗ ಸಾಂಗ್ಲಿಯ ಕೋಣೆಯಲ್ಲಿದ್ದವಳು ಈ ಪಟ್ಟಿಗೆ ಸೇರುವುದು ಹೇಗೆ? ಪಟ್ಟಿಯಲ್ಲಿ ಹೆಸರಿಲ್ಲದವಳಿಗೆ ಕರ್ನಾಟಕದ ಮಾಸಾಶನವೂ ಇಲ್ಲ, ಮನೆಯೂ ಇಲ್ಲ. ಮಹಾರಾಷ್ಟ್ರಕ್ಕೆ ಅವಳು ಹೊರಗಿನವಳು.

ಹುಡುಗಿಯನ್ನು ದೇವಿಗೆ ಬಿಡಲು ಮುತ್ತು ಕಟ್ಟುವುದೆಂದರೆ ಏನೆಂದು ಈ ಭಾಗದ ಓದುಗರಿಗೆ ಹೇಳಬೇಕಿಲ್ಲ. ಸವದತ್ತಿ ಗುಡ್ಡದ ಎಲ್ಲಮ್ಮ, ಅಥಣಿ ತಾಲ್ಲೂಕಿನ ಕೊಕಟನೂರ ಎಲ್ಲಮ್ಮ, ಹೊಸ್ತಿಲ ಹುಣ್ಣಿಮೆಗೆ ಬಳೆ ಒಡೆದು ಭಾರತ ಹುಣ್ಣಿಮೆಗೆ ಮತ್ತೆ ಮುತ್ತೈದೆಯಾಗುವ ದೇವಿ. ದೇವಿಯ ಜೊತೆ ತಾವೂ ವರ್ಷಕ್ಕೊಮ್ಮೆ ಬಳೆ ಒಡೆದು ಮತ್ತೆ ತೊಡುವ ಹೆಣ್ಣುಮಕ್ಕಳು, ಬಹುಪಾಲು ಮಾದಿಗ, ಹೊಲೆಯ ಸಮುದಾಯದವರು. ಗಮನಿಸಬೇಕಾದದ್ದು ಇನ್ನೊಂದು. 1890ರ ಹೊತ್ತಿಗೆ ಎಫ್. ಫಾಸೆಟ್ ಎಂಬ ಪೊಲೀಸ್ ಅಧಿಕಾರಿ ಬಸವಿಯರ ಬಗ್ಗೆ ಬರೆದ ಲೇಖನದ ತಲೆಬರಹದಲ್ಲೇ, ದೇವರಿಗೆ ಬಿಟ್ಟ ಹೆಣ್ಣು ಗಂಡಸಿನ ಹಕ್ಕು ಪಡೆಯುತ್ತಾಳೆಂಬ ಮಾತಿದೆ. ಗಂಡುಮಕ್ಕಳಿಲ್ಲದ ಮನೆಯಲ್ಲಿ ಅವಳೇ ಮಗ. ಹೊಲ ಅವಳಿಗೆ, ತಂದೆತಾಯಿಯ ಹೊಣೆ ಅವಳಿಗೆ, ಅವಳ ಮಕ್ಕಳು ಅಜ್ಜನ ಮನೆತನಕ್ಕೆ. ಲೂಸಿಂಡಾ ರಾಂಬರ್ಗ್ ಸವದತ್ತಿಯ ಸುತ್ತಿನಲ್ಲಿದ್ದು ಬರೆದು 2014ರಲ್ಲಿ ಹೊರತಂದ ಪುಸ್ತಕದ ವಾದವೂ ಈ ಎಳೆಯದೇ: ದೇವಿಯೊಡನೆ ಆಗುವ ಮದುವೆ ಸುಳ್ಳು ಮದುವೆಯಲ್ಲ, ಅದು ನಿಜವಾಗಿಯೂ ನಂಟು ಕಟ್ಟುತ್ತದೆ, ಆಸ್ತಿ ಹಂಚುತ್ತದೆ, ಸರ್ಕಾರವೂ ಸುಧಾರಕರೂ ಅದನ್ನು ಮೂಢನಂಬಿಕೆ ಎಂದು ತಳ್ಳಿ, ಜಡೆಗಟ್ಟಿದ ಕೂದಲು ಕತ್ತರಿಸಿ, ಈ ಹೆಂಗಸರ ಬಂಧುತ್ವವನ್ನೇ ಲೆಕ್ಕದಿಂದ ಹೊಡೆದುಹಾಕಿದರು.

ರಾಂಬರ್ಗ್ ಅವರ ಮಾತಿಗೆ ಅರ್ಧ ತಲೆದೂಗುತ್ತೇನೆ. ನಂಟು ನಿಜ, ಒಪ್ಪಿದೆ. ಆದರೆ ಅದನ್ನು ಕಟ್ಟುವಾಗ ಹುಡುಗಿಯ ವಯಸ್ಸೆಷ್ಟು ಎಂಬ ಪ್ರಶ್ನೆ ಸಿದ್ಧಾಂತದ ಮೋಡದೊಳಗೆ ಮರೆಯಾಗಬಾರದು. ಜೋಗನ್ ಶಂಕರ್ ಬೆಳಗಾವಿ ಸೀಮೆಯ ಹಳ್ಳಿಯೊಂದನ್ನು ಹಿಡಿದು 1990ರಲ್ಲಿ ಬರೆದ ಸಮಾಜಶಾಸ್ತ್ರೀಯ ಅಧ್ಯಯನ ಒಣಗಿದ ಶೈಲಿಯದು, ಆದರೂ ಅದನ್ನು ಓದಿದವರಿಗೆ ಈ ಪದ್ಧತಿಯ ಜಾತಿಯ ಮುಖ ಮರೆಯುವುದಿಲ್ಲ: ದೇವಿಯ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಳ್ಳುವವರು ದಲಿತರು, ಅವರ ಮನೆಗೆ ರಾತ್ರಿ ಹೋಗುವವರು ಮೇಲಿನವರು. ಕೆನಡಾದ ಟ್ರೀನಾ ಆರ್ಚರ್ಡ್ 2007ರಲ್ಲಿ ಪ್ರಕಟಿಸಿದ ಎರಡು ಪ್ರಬಂಧಗಳು ಈ ಎರಡು ದಡಗಳ ನಡುವೆ ನಿಲ್ಲುತ್ತವೆ. ಉತ್ತರ ಕರ್ನಾಟಕದ ಹಳ್ಳಿಗಳ ಎಳೆಯ ದೇವದಾಸಿ ಹುಡುಗಿಯರೊಡನೆ ಅವರು ಕೂತು ಮಾತಾಡಿದ್ದಾರೆ. ಒಂದು ಪ್ರಬಂಧದ ಹೆಸರಿನಲ್ಲೇ ಹುಡುಗಿ, ಹೆಂಗಸು, ಪ್ರೇಯಸಿ, ತಾಯಿ ಎಂಬ ನಾಲ್ಕು ಪಾತ್ರಗಳನ್ನು ಸಾಲಾಗಿ ಇಟ್ಟಿದ್ದಾರೆ. ಬಲಿಪಶು ಎಂಬ ಒಂದೇ ಚೀಟಿ ಅಂಟಿಸಿದರೆ ಮನೆಗೆ ಅನ್ನ ಹಾಕುವವಳೆಂಬ ಹುಡುಗಿಯ ಹೆಮ್ಮೆಯೂ ಕಾಣದು, ಪ್ರೀತಿಸಿದವನು ಕೈಬಿಟ್ಟಾಗ ಅವಳಿಗಾಗುವ ನೋವೂ ಕಾಣದು. ಆರ್ಚರ್ಡ್ ಅವರ ಬರಹ ಅವೆರಡನ್ನೂ ನೋಡುತ್ತದೆ. ಈ ವಿಷಯದಲ್ಲಿ ಏನಾದರೂ ಒಂದನ್ನೇ ಓದುವವರಿಗೆ ನಾನು ಸೂಚಿಸುವುದು ಅದನ್ನೇ.

ಇನ್ನು ಓಣಿಯ ನಂಟುಗಳು. ಗಿರಾಕಿ ಬರುತ್ತಾನೆ, ಹೋಗುತ್ತಾನೆ. ಅವನ ಬಗ್ಗೆ ಹೇಳುವಂಥದ್ದು ಕಡಿಮೆ. ಮಾಲಕ ಎಂದು ಕರೆಸಿಕೊಳ್ಳುವವನು ಬೇರೆ. ಅವನು ಬಹುತೇಕ ಎಲ್ಲೋ ಹೆಂಡತಿ ಮಕ್ಕಳಿರುವ ಗಂಡಸು. ಕೆಲವೊಮ್ಮೆ ಗಿರಾಕಿಯಾಗಿ ಬಂದವನೇ ಉಳಿದುಬಿಟ್ಟಿರುತ್ತಾನೆ. ಕೆಲವರು ಮನೆಬಾಡಿಗೆ ಕೊಡುತ್ತಾರೆ, ಕೆಲವರು ಅವಳ ಗಳಿಕೆಯಲ್ಲೇ ಕುಡಿಯುತ್ತಾರೆ, ಕೆಲವರು ಎರಡನ್ನೂ ಮಾಡುತ್ತಾರೆ. ಅವನ ಹೆಸರಿನಲ್ಲಿ ಅವಳು ತಾಳಿ ಕಟ್ಟಿಕೊಳ್ಳಬಹುದು, ಹಚ್ಚೆ ಹಾಕಿಸಿಕೊಳ್ಳಬಹುದು, ಅವನ ಮಕ್ಕಳನ್ನು ಹಡೆಯುತ್ತಾಳೆ. ಅವನು ಇದ್ದಾನೆಂಬುದು ಓಣಿಯಲ್ಲಿ ಅವಳಿಗೆ ಒಂದು ಮರ್ಯಾದೆ, ಪುಂಡರ ಎದುರು ಒಂದು ಕಾವಲು. ಹೊಡೆಯುವವನೂ ಹೆಚ್ಚಾಗಿ ಅವನೇ.

ಈ ನಂಟನ್ನು ಸಂಶೋಧಕರು ಕಂಡುಕೊಂಡದ್ದು ವಿಚಿತ್ರ ದಾರಿಯಲ್ಲಿ, ಕಾಂಡೋಮಿನ ಲೆಕ್ಕದ ಮೂಲಕ. 1990ರ ದಶಕದಲ್ಲಿ ಎಚ್‌ಐವಿ ಹರಡಿದಾಗ ಸಾಂಗ್ಲಿ ಮಹಾರಾಷ್ಟ್ರದ ಹೆಚ್ಚು ಸೋಂಕಿನ ಜಿಲ್ಲೆಗಳಲ್ಲೊಂದು; ಗಡಿಯ ಈಚೆ ಬೆಳಗಾವಿ, ಬಾಗಲಕೋಟೆಗಳೂ ಅದೇ ಸಾಲಿನವು. ಗಿರಾಕಿಗಳ ಜೊತೆ ಕಾಂಡೋಮ್ ಬಳಕೆ ವರ್ಷ ವರ್ಷ ಏರುತ್ತ ಹೋದರೂ ಮಾಲಕನ ಜೊತೆ ಏರಲಿಲ್ಲ ಎಂದು ಸಮೀಕ್ಷೆ ಮೇಲೆ ಸಮೀಕ್ಷೆ ಹೇಳಿತು. ತಿಳಿವಳಿಕೆ ಸಾಲದೆಂದು ಮೊದಲು ಭಾವಿಸಿದರು. ಅವಳಿಗೆ ತಿಳಿವಳಿಕೆಗೆ ಏನೂ ಕೊರತೆಯಿರಲಿಲ್ಲ; ಊರಿಗೆಲ್ಲ ಪಾಠ ಹೇಳುವವಳೇ ಅವಳು. ಆದರೆ ಗಿರಾಕಿಯಿಂದ ಮಾಲಕನನ್ನು ಬೇರೆ ಮಾಡುವ ಗೆರೆ ಯಾವುದು? ಹಣವೆನ್ನೋಣವೇ, ಅದು ಎರಡೂ ಕಡೆ ಓಡಾಡುತ್ತದೆ. ಹಾಸಿಗೆ ಒಂದೇ, ಕೋಣೆ ಒಂದೇ. ಉಳಿಯುವುದು ಆ ರಬ್ಬರಿನ ಗೆರೆ ಮಾತ್ರ. ಅದನ್ನು ಮಾಲಕನಿಗೂ ಎಳೆದರೆ ಅವನೂ ಗಿರಾಕಿಯಾಗಿಬಿಡುತ್ತಾನೆ, ಅವಳ ಮನೆಯೆಂಬುದು ಮತ್ತೆ ಅಡ್ಡೆಯಾಗುತ್ತದೆ. ಆರೋಗ್ಯ ಇಲಾಖೆಯ ಕೋಷ್ಟಕದಲ್ಲಿ ಅಪಾಯವೆಂದು ಬರೆದಿರುವ ಅಂಕಣವೇ ಅವಳ ದಾಂಪತ್ಯ.

ಮಾಲಕನ ನಂಟಿನ ಬಗೆಗಿನ ಈ ತಿಳಿವಳಿಕೆ ಕಾರ್ಯಕ್ರಮದ ರೂಪ ಪಡೆದದ್ದು ಗಡಿಯ ಈಚೆ, ಬಾಗಲಕೋಟೆ ಜಿಲ್ಲೆಯ ಮುಧೋಳ–ಜಮಖಂಡಿ ತಾಲ್ಲೂಕುಗಳಲ್ಲಿ. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಮತ್ತು ಚೈತನ್ಯ ಏಡ್ಸ್ ತಡೆಗಟ್ಟುವ ಮಹಿಳಾ ಸಂಘ ಸೇರಿ ನಡೆಸಿದ ‘ಸಂವೇದನಾ ಪ್ಲಸ್’ ಯೋಜನೆ ಗಿರಾಕಿಗಳನ್ನು ಬದಿಗಿಟ್ಟು ನೇರವಾಗಿ ಆಪ್ತ ಸಂಗಾತಿಯ ಹಿಂಸೆಯನ್ನೇ ಎತ್ತಿಕೊಂಡಿತು. ಹೆಂಗಸರ ಜೊತೆ ಆ ಗಂಡಸರನ್ನೂ ಕೂರಿಸಿ ಮಾತಾಡಿಸುವ ಪ್ರಯತ್ನ. ಪಂಚಾಯತಿಯವರು, ಊರ ಹಿರಿಯರು ಸಹ ಅದರಲ್ಲಿದ್ದರು. ಸಾಂಗ್ಲಿಗೆ ಬರುವ ಹುಡುಗಿಯರು ಬಿಟ್ಟುಬರುವುದು ಇದೇ ಹಳ್ಳಿಗಳನ್ನು. ಹಳ್ಳಿಯಲ್ಲಿಯೇ ಇದ್ದು ಧಂದಾ ಮಾಡುವವಳ ಮಾಲಕನನ್ನು ಊರೆಲ್ಲ ಬಲ್ಲದು. ಅವನು ಕೈಯೆತ್ತಿದರೆ ಅವನ ಅಪ್ಪನಿಗೆ ಹೇಳಬಹುದು. ಸಾಂಗ್ಲಿಯ ಮಾಲಕ ಎಲ್ಲಿಯವನೆಂದು ಎಷ್ಟೋ ಸಲ ಅವಳಿಗೇ ಪೂರ್ತಿ ಗೊತ್ತಿರುವುದಿಲ್ಲ. ಹಿಂಸೆಯ ಮಾತು ಬಂದಾಗ ಈ ವ್ಯತ್ಯಾಸ ಸಣ್ಣದಲ್ಲ, ಆದರೂ ಎರಡೂ ಕಡೆ ಒಂದೇ ಸೂತ್ರ ಹಿಡಿದು ಮಾತಾಡುವ ವರದಿಗಳೇ ಹೆಚ್ಚು.

ಮಾಲಕನಾಚೆಗೆ ಅಡ್ಡೆ ನಡೆಸುವ ಘರ್‌ವಾಲಿ ಇದ್ದಾಳೆ. ಪೊಲೀಸರ ಕಾಗದದಲ್ಲಿ ಅವಳು ಆರೋಪಿ. ಓಣಿಯಲ್ಲಿ ಅವಳು ಸಾಲ ಕೊಡುವವಳು, ಬಡ್ಡಿ ಹಿಡಿಯುವವಳು, ಹೆರಿಗೆಗೆ ಮಿರಜಿನ ಆಸ್ಪತ್ರೆಗೆ ಕರೆದೊಯ್ಯುವವಳು. ಬಹಳ ಸಲ ಅದೇ ಊರಿನ ಚಿಕ್ಕವ್ವನೋ ದೊಡ್ಡವ್ವನೋ ಆಗಿರುವವಳು. ಸುಲಿಗೆಯೂ ಆಸರೆಯೂ ಒಂದೇ ಕೈಯಿಂದ ಬರುವಾಗ ಆ ಕೈಯನ್ನು ಎಳೆಯ ಹುಡುಗಿ ಕೊಡವಿ ಎದ್ದು ಬರುತ್ತಾಳೆಂದು ನಂಬುವುದು ಕಷ್ಟ. ಆಮೇಲೆ ಊರಿನ ಅವ್ವ, ಅಣ್ಣತಮ್ಮಂದಿರು. ಸಾಂಗ್ಲಿಯ ಗಳಿಕೆಯಲ್ಲಿ ತವರಿನ ಪತ್ರಾಸಿನ ಮನೆಗೆ ಆರ್‌ಸಿಸಿ ಬರುತ್ತದೆ, ತಂಗಿಯ ಮದುವೆ ಆಗುತ್ತದೆ. ಮದುವೆಯ ಕಾರ್ಡಿನಲ್ಲಿ ಅಕ್ಕನ ಹೆಸರು ಇರುತ್ತದೆಯೇ, ಇದ್ದರೆ ಎಲ್ಲಿ ಇರುತ್ತದೆ ಎಂಬುದರ ಮೇಲೆ ಯಾರಾದರೂ ಒಂದು ಪ್ರಬಂಧ ಬರೆಯಬೇಕು. ಗುರುತಿನ ರಾಜಕಾರಣ ಎಂದು ವಿಶ್ವವಿದ್ಯಾಲಯಗಳಲ್ಲಿ ಕರೆಯುವುದರ ಅಸಲು ಸರಕು ಅಲ್ಲಿದೆ.

ಸಾಂಗ್ಲಿಯ ಹೆಸರು ಜಗತ್ತಿಗೆ ತಿಳಿದದ್ದು ಬೇರೊಂದು ಕಾರಣಕ್ಕೆ. ಮೀನಾ ಸೇಷು 1992ರಲ್ಲಿ ಗೋಕುಲನಗರದ ಹೆಂಗಸರ ಜೊತೆ ಕೆಲಸ ಆರಂಭಿಸಿದರು. ಅವರ ಸಂಸ್ಥೆ ‘ಸಂಗ್ರಾಮ್’, ಅಂದರೆ ಸಂಪದಾ ಗ್ರಾಮೀಣ ಮಹಿಳಾ ಸಂಸ್ಥೆ. ಹೊರಗಿನವರು ಬಂದು ಕಾಂಡೋಮ್ ಹಂಚುವ ಬದಲು ಓಣಿಯ ಹೆಂಗಸರೇ ಹಂಚಲಿ, ಅವರೇ ಪಾಠ ಹೇಳಲಿ ಎಂಬುದು ಅವರು ಹಿಡಿದ ದಾರಿ. ಆ ಹೆಂಗಸರೇ 1996ರಲ್ಲಿ ‘ವೇಶ್ಯಾ ಅನ್ಯಾಯ ಮುಕ್ತಿ ಪರಿಷದ್’ ಕಟ್ಟಿದರು. ಹೆಸರಿನಲ್ಲಿರುವ ಮೊದಲ ಪದವನ್ನು ಅವರು ಬೇಕೆಂದೇ ಇಟ್ಟುಕೊಂಡರು. ಈ ಪರಿಷತ್ತಿನ ಹೆಂಗಸರೇ ಅಭಿನಯಿಸಿದ ಒಂದು ನಾಟಕವಿದೆ, ಸುಷಮಾ ದೇಶಪಾಂಡೆ ಅವರ ನಿರ್ದೇಶನದ್ದು. ‘ನನ್ನ ತಾಯಿ, ಘರ್‌ವಾಲಿ, ಅವಳ ಮಾಲಕ, ಅವನ ಹೆಂಡತಿ’ ಎಂಬರ್ಥದ ಹೆಸರು. ಆ ಹೆಸರಿನಲ್ಲಿ ಗಿರಾಕಿ ಇಲ್ಲ, ಪೊಲೀಸನಿಲ್ಲ, ಸಮಾಜಸೇವಕ ಇಲ್ಲ. ಅವರ ಕತೆಯನ್ನು ಅವರೇ ಹೇಳಲು ನಿಂತಾಗ ನೆನಪಾದವರು ಈ ನಾಲ್ವರು. ದಪ್ಪ ವರದಿಗಳು ಹೇಳಲಾರದ್ದನ್ನು ಆ ತಲೆಬರಹವೊಂದೇ ಹೇಳಿಬಿಡುತ್ತದೆ. ಮಾಲಕನ ಹೆಂಡತಿಯೂ ಅದರಲ್ಲಿದ್ದಾಳೆ ಎಂಬುದು ನನಗೆ ಅಚ್ಚರಿಯ ಮಾತು.

2003ರ ಅಮೆರಿಕದ ಕಾನೂನೊಂದು, ಎಚ್‌ಐವಿ ಹಣ ಪಡೆಯುವ ಸಂಸ್ಥೆಗಳು ವೇಶ್ಯಾವೃತ್ತಿಯನ್ನು ವಿರೋಧಿಸುತ್ತೇವೆಂದು ಬರೆದುಕೊಡಬೇಕೆಂಬ ಷರತ್ತು ಹಾಕಿತು. ಸಂಗ್ರಾಮ್ 2005ರಲ್ಲಿ ಆ ಹಣವನ್ನೇ ಬಿಟ್ಟಿತು. ಅದೇ ವರ್ಷ ಮೇ ತಿಂಗಳಲ್ಲಿ ಅಮೆರಿಕ ಮೂಲದ ಒಂದು ಸಂಸ್ಥೆಯ ಜೊತೆಗೂಡಿ ಪೊಲೀಸರು ಗೋಕುಲನಗರದ ಮೇಲೆ ದಾಳಿ ಮಾಡಿ ಹೆಂಗಸರನ್ನು, ಹುಡುಗಿಯರನ್ನು ಎತ್ತಿಕೊಂಡು ಹೋದರು. ದಾಳಿಯನ್ನು ಓಣಿ ವಿರೋಧಿಸಿತು. ಸಂಗ್ರಾಮ್ ಸಾಗಾಟಗಾರರ ಬೆಂಬಲಕ್ಕೆ ನಿಂತಿದೆಯೆಂಬ ಆರೋಪ ಅಮೆರಿಕದ ಸಂಸತ್ತಿನವರೆಗೂ ಹೋಯಿತು. ಆ ಷರತ್ತು ಅಮೆರಿಕದ ಸಂಸ್ಥೆಗಳಿಗೆ ಅನ್ವಯಿಸದೆಂದು ಅಲ್ಲಿಯ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. ವಿದೇಶಿ ಸಂಸ್ಥೆಗಳಿಗೆ ಆ ರಕ್ಷಣೆ ಇಲ್ಲವೆಂದು 2020ರಲ್ಲಿ ಹೇಳಿತು. ಅಥಣಿ ಕಡೆಯ ಹುಡುಗಿಯೊಬ್ಬಳ ಬಾಳು ವಾಷಿಂಗ್ಟನ್ನಿನ ತೀರ್ಪಿಗೆ ತಗಲಿಕೊಂಡ ಬಗೆ ಇದು.

ಈ ದಾಳಿಗಳ ಬಗ್ಗೆ ಸಂಗ್ರಾಮ್ 2018ರಲ್ಲಿ ಹೊರತಂದ ಅಧ್ಯಯನಕ್ಕಾಗಿ, ದಾಳಿಯಲ್ಲಿ ಸಿಕ್ಕಿ ‘ರಕ್ಷಿತ’ರಾಗಿದ್ದ 243 ಹೆಂಗಸರನ್ನು ಮಾತಾಡಿಸಲಾಯಿತು. ಅವರಲ್ಲಿ 193 ಮಂದಿ, ಆ ಹೊತ್ತಿಗೆ ತಾವಾಗಿಯೇ ಧಂದಾದಲ್ಲಿದ್ದೆವು, ನಮ್ಮನ್ನು ಯಾರೂ ಬಿಡಿಸಬೇಕಿರಲಿಲ್ಲ ಎಂದರು. ರೋಹಿಣಿ ಸಾಹ್ನಿ ಮತ್ತು ಕಲ್ಯಾಣ ಶಂಕರ್ 14 ರಾಜ್ಯಗಳ 3,000 ಮಹಿಳೆಯರ ಮೇಲೆ 2011ರಲ್ಲಿ ಮಾಡಿದ ಸಮೀಕ್ಷೆಯೂ ಇದೇ ದಿಕ್ಕಿನದು. ಸಂಖ್ಯೆಗಳನ್ನು ಅಲ್ಲಗಳೆಯಲು ನನಗೆ ಕಾರಣವಿಲ್ಲ. ಆದರೆ ಈಗ ತಾನಾಗಿ ಇರುವವಳು ಹದಿನಾಲ್ಕರಲ್ಲಿ ತಾನಾಗಿ ಬಂದಿದ್ದಳೇ ಎಂಬುದು ಬೇರೆ ಪ್ರಶ್ನೆ, ಮತ್ತು ಈ ಎರಡು ಪ್ರಶ್ನೆಗಳನ್ನು ಕಲಸಿ ಎರಡೂ ಪಾಳೆಯದವರು ತಮಗೆ ಬೇಕಾದ ಉತ್ತರ ಹೊರಡಿಸುತ್ತಾರೆ.

ಎದುರು ಪಾಳೆಯವೆಂದರೆ ದಾಳಿ ಮಾಡುವ ವಿದೇಶಿ ಸಂಸ್ಥೆಗಳು ಮಾತ್ರವೇ ಎಂದುಕೊಳ್ಳುವುದು ಅನ್ಯಾಯ. ಅಥಣಿಯಲ್ಲಿ ವಕೀಲ ಬಿ.ಎಲ್. ಪಾಟೀಲರು 1985ರಲ್ಲಿ ಕಟ್ಟಿದ ‘ವಿಮೋಚನಾ’ ಸಂಸ್ಥೆ ದೇವದಾಸಿಯರ ಮಕ್ಕಳಿಗೆ ವಸತಿಶಾಲೆ ನಡೆಸಿ, ಮಗಳನ್ನು ಅವ್ವನ ದಾರಿಯಿಂದ ಬೇರೆ ಮಾಡಿತು. ಘಟಪ್ರಭಾದಲ್ಲಿ 1997ರಲ್ಲಿ ಹುಟ್ಟಿದ ‘ಮಾಸ್’, ಎಂದರೆ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಮಾಜಿ ದೇವದಾಸಿಯರದೇ ಸಂಘಟನೆ. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಗಡಿಯ ಒಂದು ಬದಿಯಲ್ಲಿ ಅದೇ ಜಾತಿಯ, ಅದೇ ತಾಲ್ಲೂಕುಗಳ ಹೆಂಗಸರು ‘ಇದು ನಿಲ್ಲಲಿ’ ಎನ್ನುತ್ತಾರೆ. ಗಡಿ ದಾಟಿದರೆ ‘ನಮ್ಮನ್ನು ನಮ್ಮ ಪಾಡಿಗೆ ಬಿಡಿ’ ಎನ್ನುತ್ತಾರೆ. ಇಬ್ಬರೂ ಸುಳ್ಳಾಡುತ್ತಿಲ್ಲ. ಘಟಪ್ರಭೆಯವರು ಮಾತಾಡುವುದು ಇನ್ನೂ ಮುತ್ತು ಕಟ್ಟಿಸಿಕೊಳ್ಳದ ಮಗಳ ಬಗ್ಗೆ. ಗೋಕುಲನಗರದವರು ಮಾತಾಡುವುದು ಈಗಾಗಲೇ ಬಾಳು ಕಟ್ಟಿಕೊಂಡ ತಮ್ಮ ಬಗ್ಗೆ. ಇಬ್ಬರನ್ನೂ ಒಂದೇ ವೇದಿಕೆಯಲ್ಲಿ ಎದುರಾಳಿಗಳಾಗಿ ನಿಲ್ಲಿಸಿ ಚಪ್ಪಾಳೆ ಹೊಡೆಯುವ ಚರ್ಚಾಕೂಟಗಳಿಂದ ಯಾರಿಗೂ ಉಪಯೋಗವಾಗಿಲ್ಲ.

ಕಾನೂನಿನ ಕಡೆ ಬಂದರೆ ಮಾತು ಇನ್ನೂ ಸಿಕ್ಕಾಗುತ್ತದೆ. ದೇವದಾಸಿ ಪದ್ಧತಿಯ ವಿರುದ್ಧ 1934ರ ಮುಂಬೈ ಪ್ರಾಂತದ ಕಾಯ್ದೆ, 1982ರ ಕರ್ನಾಟಕದ ಕಾಯ್ದೆ, 2005ರ ಮಹಾರಾಷ್ಟ್ರದ ಕಾಯ್ದೆಗಳು ಬಂದವು. ಇವು ಮುತ್ತು ಕಟ್ಟುವುದನ್ನು ಅಪರಾಧ ಮಾಡಿದವು. ಓಣಿಯ ಬದುಕನ್ನು ಆಳುವುದು ಮಾತ್ರ 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆ. ಹೆಣ್ಣು ತನ್ನ ಮೈ ಮಾರುವುದನ್ನೇ ಈ ಕಾಯ್ದೆ ಅಪರಾಧವೆನ್ನುವುದಿಲ್ಲ. ಆದರೆ ಅವಳ ಸುತ್ತ ಯಾರೂ ಇರಕೂಡದು. ಇಬ್ಬರು ಹೆಂಗಸರು ಬಾಡಿಗೆ ಹಂಚಿಕೊಂಡು ಒಂದೇ ಮನೆಯಲ್ಲಿ ವೃತ್ತಿ ಮಾಡಿದರೆ ಅದು ವೇಶ್ಯಾಗೃಹ. 4ನೆಯ ಕಲಮಿನ ಪ್ರಕಾರ ಹದಿನೆಂಟು ದಾಟಿದ ಯಾರೇ ಅವಳ ಗಳಿಕೆಯಲ್ಲಿ ಪೂರ್ತಿಯಾಗಿಯೋ ಭಾಗಶಃವೋ ಬದುಕಿದರೆ ಎರಡು ವರ್ಷದವರೆಗೆ ಸೆರೆ. ಅವಳ ಜೊತೆ ವಾಸಿಸುವವನು, ಸದಾ ಅವಳ ಒಡನಾಟದಲ್ಲಿರುವವನು ಹಾಗೆ ಬದುಕುತ್ತಿದ್ದಾನೆಂದೇ ನ್ಯಾಯಾಲಯ ಭಾವಿಸಬೇಕು. ಅಲ್ಲವೆಂದು ತೋರಿಸುವ ಹೊರೆ ಅವನದು. ಈ ಕಲಮಿನ ಬಲೆಗೆ ದಲ್ಲಾಳಿ ಬೀಳುತ್ತಾನೆ ಸರಿ, ಮಾಲಕನೂ ಬೀಳುತ್ತಾನೆ. ಮುಪ್ಪಿನ ತಾಯಿಯೂ ಬೀಳುತ್ತಾಳೆ. ಹಾಸ್ಟೆಲಿನಲ್ಲಿದ್ದು ಪಿಯುಸಿ ಮುಗಿಸಿದ ಮಗ ಹದಿನೆಂಟನೆಯ ಹುಟ್ಟುಹಬ್ಬದ ಮರುದಿನವೂ ಅವ್ವ ಕೊಟ್ಟ ಹಣದಲ್ಲಿ ಫೀ ಕಟ್ಟಿದರೆ ಅವನೂ ಬೀಳುತ್ತಾನೆ. ಅವಳನ್ನು ಒಂಟಿಯಾಗಿ ಇರಲು ಬಿಡುತ್ತೇವೆ, ಒಡನಾಡಿಗಳೊಂದಿಗೆ ಇರಲು ಬಿಡುವುದಿಲ್ಲ ಎಂದು ಕಾನೂನು ಹೇಳಿದಂತಾಯಿತು. ಈ ಕಲಮನ್ನು ಬಲವಂತ ಮಾಡುವವರಿಗೂ ಸುಲಿಯುವವರಿಗೂ ಮಾತ್ರ ಸೀಮಿತಗೊಳಿಸಬೇಕೆಂಬುದರಲ್ಲಿ ನನಗೆ ಅನುಮಾನವಿಲ್ಲ. ಹೊಡೆಯುವ ಮಾಲಕನಿಗೆ ಹಲ್ಲೆಯ ಕಲಮುಗಳಿವೆ, ಅವಳು ದೂರು ಕೊಡಲು ಹೆದರದಿದ್ದರೆ.

2022ರ ಮೇ 19ರಂದು ಬುದ್ಧದೇವ ಕರ್ಮಾಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೆಲವು ಗಟ್ಟಿ ಮಾತು ಹೇಳಿತು. ಒಪ್ಪಿ ವೃತ್ತಿ ಮಾಡುವ ವಯಸ್ಕ ಹೆಂಗಸರನ್ನು ದಾಳಿಯಲ್ಲಿ ಬಂಧಿಸಬಾರದು, ತಾಯಿ ಈ ವೃತ್ತಿಯಲ್ಲಿದ್ದಾಳೆಂಬ ಒಂದೇ ಕಾರಣಕ್ಕೆ ಮಗುವನ್ನು ಬೇರೆ ಮಾಡಬಾರದು ಎಂಬ ತಾನೇ ನೇಮಿಸಿದ ಸಮಿತಿಯ ಶಿಫಾರಸುಗಳನ್ನು ದಾಖಲಿಸಿತು; ವಿಳಾಸದ ದಾಖಲೆಯಿಲ್ಲದಿದ್ದರೂ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯಾದ ನ್ಯಾಕೋದ ದೃಢೀಕರಣದ ಮೇಲೆ ಆಧಾರ್ ಕೊಡಬೇಕೆಂದು ಆದೇಶಿಸಿತು. ಕೊನೆಯದು ಗಡಿ ದಾಟಿದವರ ಪಾಲಿಗೆ ದೊಡ್ಡದು. ಅದಕ್ಕೆ ಮೊದಲು, ಕೋವಿಡ್ ಕಾಲದ 2020ರ ಸೆಪ್ಟೆಂಬರಿನಲ್ಲಿ, ಗುರುತಿನ ಚೀಟಿ ಕೇಳದೆ ಪಡಿತರ ಕೊಡಿ ಎಂದು ಅದೇ ನ್ಯಾಯಾಲಯ ಹೇಳಬೇಕಾಗಿ ಬಂದಿತ್ತು. ಆದರೆ 4ನೆಯ ಕಲಮು ಹಾಗೇ ಇದೆ.

ಮಕ್ಕಳ ಹೆಸರಿನ ಪ್ರಶ್ನೆ ಬಿಡುವಂತಿಲ್ಲ. ಮಿರಜಿನಲ್ಲಿ ನೆಲೆಸಿ ಅಲ್ಲಿಯೇ ಮಣ್ಣಾದ ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರಿಂದ ಬೇರೆಯಾದಮೇಲೆ ಪತ್ನಿ ತಾರಾಬಾಯಿ ತಮ್ಮ ಮಕ್ಕಳಿಗೆ ಹೊಸ ಹೆಸರಿಟ್ಟರು. ಅಬ್ದುಲ್ ರೆಹಮಾನ್ ಸುರೇಶಬಾಬು ಮಾನೆಯಾದ, ಸಕೀನಾ ಮುಂದೆ ಸರಸ್ವತಿ ರಾಣೆಯಾದಳು, ಹಿರಿಯ ಮಗಳು ಹೀರಾಬಾಯಿ ಬಡೋದೇಕರ್. ಒಂದೇ ತಾಯಿಯ ಮಕ್ಕಳಿಗೆ ಬೇರೆ ಬೇರೆ ಅಡ್ಡಹೆಸರು, ಆದರೂ ಸಂಗೀತಲೋಕ ಯಾರ ಅಪ್ಪನ ಹೆಸರೂ ಕೇಳಲಿಲ್ಲ. ಅಷ್ಟು ದೊಡ್ಡ ಕಂಠ ಇಲ್ಲದ ಮಕ್ಕಳನ್ನು ಶಾಲೆಯ ಗುಮಾಸ್ತ ಕೇಳುತ್ತಾನೆ. ತುಂಬ ವರ್ಷ ಈ ಓಣಿಯ ತಾಯಂದಿರು ಆ ಕಾಲಮಿನಲ್ಲಿ ಮಾಲಕನ ಹೆಸರನ್ನೋ, ತಮ್ಮ ಅಣ್ಣನ ಹೆಸರನ್ನೋ, ದೇವರ ಹೆಸರನ್ನೋ ಬರೆಸುತ್ತ ಬಂದರು. 2024ರ ಮೇ 1ರಿಂದ ಮಹಾರಾಷ್ಟ್ರದಲ್ಲಿ ಹುಟ್ಟುವ ಮಕ್ಕಳ ದಾಖಲೆಯಲ್ಲಿ ಮಗುವಿನ ಹೆಸರಾದ ಕೂಡಲೆ ತಾಯಿಯ ಹೆಸರು ಬರಬೇಕೆಂಬ ನಿಯಮವಾಗಿದೆ. ಕರ್ನಾಟಕ ವಿಧಾನಮಂಡಲ 2025ರಲ್ಲಿ ಅಂಗೀಕರಿಸಿದ ಹೊಸ ದೇವದಾಸಿ ಮಸೂದೆಯೋ ಎರಡು ಹೆಜ್ಜೆ ಮುಂದೆ: ದೇವದಾಸಿಯ ಮಗು ತಂದೆಯ ಹೆಸರು ಹೇಳಬೇಕೆಂಬ ಒತ್ತಾಯವಿಲ್ಲ, ತಂದೆ ಯಾರೆಂದು ಸಾಬೀತಾದರೆ ಅವನ ಆಸ್ತಿಯಲ್ಲಿ ಪಾಲೂ ಉಂಟು. ಒಳ್ಳೆಯದೇ. ಆದರೆ ಸಾಂಗ್ಲಿಯಲ್ಲಿ ಹುಟ್ಟಿದ, ಮರಾಠಿ ಶಾಲೆಗೆ ಹೋಗುವ, ಪಟ್ಟಿಯಲ್ಲಿಲ್ಲದ ತಾಯಿಯ ಮಗುವಿಗೆ ಬೆಂಗಳೂರಿನ ಕಾನೂನು ತಲುಪುವ ದಾರಿ ಇನ್ನೂ ಯಾರೂ ಹೇಳಿಲ್ಲ. ಪಾಲು ಕೇಳಲು ಹೋದರೆ ಹೊಲ ಜಮಖಂಡಿಯಲ್ಲಿ, ಸಾಕ್ಷಿ ಮಿರಜಿನಲ್ಲಿ.

ನಮ್ಮ ಸಾಹಿತ್ಯ, ಸಿನಿಮಾ ಈ ವಿಷಯದಲ್ಲಿ ಅಂಥ ನೆರವಿಗೆ ಬರುವುದಿಲ್ಲ. ಎಂ.ಕೆ. ಇಂದಿರಾ ಅವರ ಕಾದಂಬರಿ ಆಧರಿಸಿ ಪುಟ್ಟಣ್ಣ ಕಣಗಾಲ್ 1969ರಲ್ಲಿ ತೆಗೆದ ‘ಗೆಜ್ಜೆಪೂಜೆ’ ಇಂದಿಗೂ ಅಳಿಸುತ್ತದೆ. ಅದರ ನಾಯಕಿಗೆ ಮದುವೆ ಇಲ್ಲವೇ ಸಾವು ಎಂಬೆರಡೇ ಬಾಗಿಲು, ಕೊನೆಗೆ ತೆರೆಯುವುದು ಎರಡನೆಯದು. ಸರ್ಕಾರದ ಯೋಜನೆಗಳೂ ಅದೇ ಕತೆಯನ್ನು ನಂಬಿದವು. ದೇವದಾಸಿಯನ್ನು, ಈಚೆಗೆ ದೇವದಾಸಿಯರ ಮಕ್ಕಳನ್ನು ಮದುವೆಯಾಗುವವರಿಗೆ ಪ್ರೋತ್ಸಾಹಧನ, ಸಾಮೂಹಿಕ ವಿವಾಹ. ಹಣಕ್ಕೆ ತಾಳಿ ಕಟ್ಟಿದವನು ಹಣ ಮುಗಿದಮೇಲೆ ಏನು ಮಾಡುತ್ತಾನೆಂದು ಊಹಿಸಲು ಸಂಶೋಧನೆ ಬೇಕಿಲ್ಲ. ಕೇರಳದ ನಳಿನಿ ಜಮೀಲಾ 2005ರಲ್ಲಿ ತಮ್ಮ ಆತ್ಮಕಥೆ ಬರೆದಾಗ ಮದುವೆಯೂ ಧಂದಾವೂ ಅವರ ಬಾಳಿನಲ್ಲಿ ಒಂದರೊಳಗೊಂದು ಹೆಣೆದುಕೊಂಡೇ ಬಂದವು. ಒಂದರಿಂದ ಇನ್ನೊಂದಕ್ಕೆ ಮುಕ್ತಿ ಎಂಬ ಸಾಲು ಅಲ್ಲಿರಲಿಲ್ಲ. ಕನ್ನಡದಲ್ಲಿ ಗಡಿಯಾಚೆಯ ಈ ಓಣಿಗಳಿಂದ ಅಂಥ ಪುಸ್ತಕ ಬಂದದ್ದನ್ನು ನಾನು ಕಂಡಿಲ್ಲ.

ಅಂಥ ಪುಸ್ತಕ ಬರುವ ಹೊತ್ತಿಗೆ ಓಣಿಯೇ ಇರುತ್ತದೋ ಇಲ್ಲವೋ. ಕೈಗೆ ಮೊಬೈಲ್ ಬಂದಮೇಲೆ ಎಳೆಯ ಹುಡುಗಿಯರು ಗೋಕುಲನಗರಕ್ಕೆ ಬಂದು ಕೂರಬೇಕಾದ ಜರೂರಿಲ್ಲ. ಲಾಡ್ಜ್, ಬಾಡಿಗೆ ಫ್ಲಾಟ್, ಹೆದ್ದಾರಿಯ ಧಾಬಾ, ಎಲ್ಲಕ್ಕೂ ಒಂದು ಫೋನ್ ಸಾಕು. ಘರ್‌ವಾಲಿಯ ಬಡ್ಡಿಯಿಂದ ಬಿಡುಗಡೆಯಾಯಿತು, ಘರ್‌ವಾಲಿಯ ಆಸರೆಯೂ ಹೋಯಿತು. ಮಾಲಕ ಈಗ ವಾಟ್ಸಾಪಿನಲ್ಲಿ ಇರುತ್ತಾನೆ. ಅವನ ಹೆಂಡತಿ ಯಾರೆಂದು, ಅವನಿಗೆ ಇಂಥ ಮನೆಗಳು ಇನ್ನೆಷ್ಟಿವೆಯೆಂದು ಓಣಿಯ ನಾಲ್ಕು ಜನ ಹೇಳುವ ಅನುಕೂಲ ಇಲ್ಲ. ಕಾಂಡೋಮ್ ಹಂಚುತ್ತ, ಕೋಣೆಯಿಂದ ಕೋಣೆಗೆ ಹೋಗಿ ಸಂಘ ಕಟ್ಟಿದ ಪರಿಷತ್ತಿನವರಿಗೆ ಈ ಹುಡುಗಿಯರ ಬಾಗಿಲೇ ಗೊತ್ತಾಗುವುದಿಲ್ಲ. ಏಡ್ಸ್ ನಿಯಂತ್ರಣದವರು ಆನ್‌ಲೈನಿನವರಿಗೆಂದು ಹೊಸ ಕಾಲಮ್ ತೆರೆದು, ಅದರಲ್ಲೂ ಕಾಂಡೋಮಿನ ಲೆಕ್ಕವನ್ನೇ ಕೇಳುತ್ತಿದ್ದಾರೆ. ಮುಂದಿನ ಸಮೀಕ್ಷೆಗೆ ಹೋಗುವವರು ಆ ಫಾರಂ ತುಂಬುವ ಮೊದಲು ಅವಳ ಫೋನಿನಲ್ಲಿ ಯಾರ ನಂಬರು ಯಾವ ಹೆಸರಿನಲ್ಲಿದೆಯೆಂದು ಕೇಳಲಿ, ಅವಳು ಹೇಳಲು ಒಪ್ಪಿದರೆ.